ಕೈ ತಲೆಗೆ ಹೋಗುವ ಮೊದಲು

ಎಷ್ಟೋ ಮನೆಗಳಲ್ಲಿ ಇದು ಮೊದಲು ಗೊತ್ತಾಗುವುದು ಕಸ ಗುಡಿಸುವಾಗ. ಓದುವ ಮೇಜಿನ ಕೆಳಗೆ, ದಿಂಬಿನ ಪಕ್ಕ, ಉದ್ದುದ್ದ ಕೂದಲು. ಬಾಚುವಾಗ ಉದುರಿರಬೇಕು ಅಂದುಕೊಂಡು ಅಮ್ಮ ಸುಮ್ಮನಾಗುತ್ತಾರೆ. ಆಮೇಲೊಂದು ದಿನ ಮಗಳು ಶಾಲೆಯಿಂದ ನೆನೆದು ಬರುತ್ತಾಳೆ. ಒದ್ದೆ ಕೂದಲು ತಲೆಗೆ ಅಂಟಿಕೊಂಡಿದೆ, ನೆತ್ತಿಯ ಹತ್ತಿರ ಎರಡು ಬೆರಳಗಲ ಜಾಗ ಖಾಲಿ. ತನ್ನ ಕೂದಲನ್ನು ತಾನೇ ಕೀಳುವ ಈ ಗುಟ್ಟನ್ನು ಕೊಡಗಿನ ಮಳೆಗಾಲದಲ್ಲಿ ಬಹಳ ದಿನ ಮುಚ್ಚಿಡುವುದು ಕಷ್ಟ.

ಮನೆಯವರು ನೀರಿನ ಮೇಲೆ ತಪ್ಪು ಹಾಕುತ್ತಾರೆ, ಎಣ್ಣೆ ಬದಲಿಸುತ್ತಾರೆ. ಹತ್ತಿರದಿಂದ ನೋಡಿದರೆ ಸುಳಿವು ಅಲ್ಲೇ ಇರುತ್ತದೆ. ಅಲೋಪೇಶಿಯಾ ಏರಿಯೇಟಾ ಎಂಬ ಕಾಯಿಲೆಯಿಂದ ಉದುರಿದ ಜಾಗ ಸಾಮಾನ್ಯವಾಗಿ ನುಣ್ಣಗಿರುತ್ತದೆ. ಕಿತ್ತ ಜಾಗ ಹಾಗಿರುವುದಿಲ್ಲ. ಒಂದು ಕೂದಲು ಗಿಡ್ಡ, ಪಕ್ಕದ್ದು ಸ್ವಲ್ಪ ಉದ್ದ, ಮತ್ತೊಂದು ಅರ್ಧಕ್ಕೆ ತುಂಡಾಗಿದೆ. ಹೊಸದಾಗಿ ಬರುತ್ತಿರುವ ಮೊಂಡು ಕೂದಲು ಬೆರಳಿಗೆ ಒರಟಾಗಿ ಸಿಗುತ್ತದೆ. ಯಾವುದು ಏನು ಎಂದು ಚರ್ಮದ ಡಾಕ್ಟರು ನೋಡಿ ಹೇಳಬೇಕು.

ಕೂದಲು ಕೀಳುವ ಈ ತೊಂದರೆಗೆ ಟ್ರೈಕೋಟಿಲೋಮೇನಿಯಾ ಎಂದು ಹೆಸರಿಟ್ಟವರು ಫ್ರಾನ್ಸಿನ ಚರ್ಮವೈದ್ಯ ಫ್ರಾನ್ಸ್ವಾ ಆನ್ರಿ ಅಲೊಪೊ, 1889ರಲ್ಲಿ. ರಕ್ತ ಬರುವಷ್ಟು ಉಗುರು ಕಚ್ಚುವುದು, ಮೊಡವೆ ಮತ್ತು ಗಾಯದ ಹಕ್ಕಳೆ ಕೀಳುತ್ತಲೇ ಇರುವುದು ಇದೇ ಕುಟುಂಬದ ತೊಂದರೆಗಳು. ಕೂದಲು ಕೀಳುವ ತೊಂದರೆ ಸುಮಾರು ನೂರಕ್ಕೆ ಒಬ್ಬಿಬ್ಬರಲ್ಲಿ ಇರುತ್ತದೆ. ಹೆಚ್ಚಾಗಿ 10ರಿಂದ 13 ವರ್ಷದ ಹೊತ್ತಿಗೆ, ದೇಹ ಬದಲಾಗುವ ಕಾಲದಲ್ಲಿ ಶುರುವಾಗುತ್ತದೆ. ಅಂದರೆ ನೂರು ಮಕ್ಕಳಿರುವ ಹೈಸ್ಕೂಲಿನಲ್ಲಿ ಒಂದು ಮಗುವಾದರೂ ಇದನ್ನು ಒಬ್ಬಂಟಿಯಾಗಿ ಅನುಭವಿಸುತ್ತಿರಬಹುದು. ನನಗೆ ಸಂಕಟವಾಗುವುದು ಆ ಒಬ್ಬಂಟಿತನದ ಬಗ್ಗೆ. ಇಂಥ ಮಕ್ಕಳಲ್ಲಿ ಎಷ್ಟೋ ಮಂದಿ, ಜಗತ್ತಿನಲ್ಲಿ ಹೀಗೆ ಮಾಡುವುದು ತಾವೊಬ್ಬರೇ ಎಂದು ನಂಬಿಕೊಂಡಿರುತ್ತಾರೆ.

ಬಿಡು ಅಂದರೆ ಯಾಕೆ ಬಿಡೋಕೆ ಆಗಲ್ಲ? ಕೀಳುವುದರಲ್ಲಿ ಎರಡು ಬಗೆ ಇದೆ. ಒಂದು, ಗೊತ್ತೇ ಆಗದೆ ನಡೆಯುವುದು. ಓದುತ್ತಾ, ಮೊಬೈಲ್ ನೋಡುತ್ತಾ ಕೈ ತಾನಾಗಿ ತಲೆಗೆ ಹೋಗಿರುತ್ತದೆ. ಇನ್ನೊಂದು, ಗೊತ್ತಿದ್ದೇ ನಡೆಯುವುದು. ಬೇಜಾರು, ಸಿಟ್ಟು, ಪರೀಕ್ಷೆಯ ಭಯ ಒಳಗೆ ಕಟ್ಟಿಕೊಳ್ಳುತ್ತದೆ. ಒಂದು ಕೂದಲು ಕಿತ್ತರೆ ಆ ಕ್ಷಣಕ್ಕೆ ಸಡಿಲವಾಗುತ್ತದೆ. ಮಿದುಳು ಆ ನೆಮ್ಮದಿಯನ್ನು ಮರೆಯುವುದಿಲ್ಲ, ಮುಂದಿನ ಸಲ ಬೇಜಾರಾದಾಗ ಕೈಯನ್ನು ಅಲ್ಲಿಗೇ ಕಳಿಸುತ್ತದೆ. ಪದೇಪದೇ ಮಾಡಿದ್ದನ್ನು ಯೋಚಿಸದೆ ಮಾಡುವ ಹಾಗೆ ಪಳಗಿಸುವುದರಲ್ಲಿ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಭಾಗದ ಪಾತ್ರ ದೊಡ್ಡದು. 'ತಡೆ, ಬೇಡ' ಎನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷದ ಮೇಲೆ. ಹದಿನಾಲ್ಕರ ಮಗುವಿಗೆ 'ಮನಸ್ಸು ಗಟ್ಟಿ ಮಾಡ್ಕೋ' ಎಂದು ಹೇಳಿ ಸುಮ್ಮನಾಗುವುದು ಅನ್ಯಾಯ.

ನಮ್ಮ ಕಡೆ ಇದಕ್ಕೆ ಹವಾಮಾನವೂ ಸೇರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ನಿಂತು ಮಕ್ಕಳು ಒಳಗೇ ಇರುತ್ತಾರೆ. ಮಳೆ ಜಾಸ್ತಿ ಅಂತ ಶಾಲೆಗೆ ರಜೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಕೈಗೆ ಕೆಲಸವಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮಕ್ಕಂದೂರು, ಜೋಡುಪಾಲದ ಕಡೆ ಮಳೆ ಎಂದರೆ ಬರೀ ಬೇಜಾರಲ್ಲ, ಆತಂಕವೂ ಹೌದು. ರಾತ್ರಿ ಮಳೆ ಜೋರಾದರೆ ದೊಡ್ಡವರು ಎದ್ದು ಕೂರುತ್ತಾರೆ, ಮಕ್ಕಳು ಅದನ್ನು ನೋಡುತ್ತಾರೆ.

ಇಲ್ಲಿ ನಿಜವಾಗಿ ಕೆಲಸ ಮಾಡುವ ವಿಧಾನ ಒಂದಿದೆ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ ಇದನ್ನು ರೂಪಿಸಿದರು. ಹೆಸರು ಹ್ಯಾಬಿಟ್ ರಿವರ್ಸಲ್ ಟ್ರೈನಿಂಗ್. ಕೀಳಬೇಡ ಎಂದು ತಡೆಯುವ ಬದಲು ಅದು ಕೈಗೆ ಬೇರೆ ಕೆಲಸ ಕೊಡುತ್ತದೆ.

ಮೊದಲ ಕೆಲಸ ಗಮನಿಸುವುದು. ಅದೇ ಹೆಚ್ಚು ಹೊತ್ತು ಹಿಡಿಯುವ ಕೆಲಸವೂ ಹೌದು. ಒಂದು ಚಿಕ್ಕ ನೋಟ್‌ಬುಕ್. ಎಷ್ಟು ಗಂಟೆಗೆ, ಎಲ್ಲಿ ಕೂತಿದ್ದೆ, ಯಾವ ಕೈ, ಕೀಳುವ ಮುಂಚೆ ಏನನ್ನಿಸುತ್ತಿತ್ತು? ಬರೆಯಬೇಕಾದದ್ದು ಮಗು, ಅಪ್ಪ ಅಮ್ಮ ಅಲ್ಲ. ಒಂದೆರಡು ವಾರದಲ್ಲಿ ಚಿತ್ರ ಮೂಡುತ್ತದೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅವಳು ಕೀಳುವುದು ಹೆಚ್ಚಾಗಿ ಗಣಿತ ಮಾಡುವಾಗ. ಎಡ ಮೊಣಕೈ ಮೇಜಿನ ಮೇಲೆ, ಅಂಗೈ ಕೆನ್ನೆಗೆ. ಬೆರಳು ಕಿವಿಯ ಮೇಲಿಂದ ನೆತ್ತಿಗೆ ಜಾರುತ್ತದೆ, ಒರಟು ಕೂದಲೊಂದನ್ನು ಹುಡುಕುತ್ತದೆ, ಸಿಕ್ಕಿದ್ದನ್ನು ಸುತ್ತುತ್ತದೆ, ಆಮೇಲೆ ಎಳೆತ. ಈ ಸಾಲಿನ ಮೊದಲ ಕೊಂಡಿ ಮೊಣಕೈ. ಅದು ಮೇಜಿಗೆ ತಾಗಿದ್ದು ಗೊತ್ತಾದರೆ ಅರ್ಧ ದಾರಿ ಬಂದ ಹಾಗೆ.

ಎರಡನೆಯದು ಎದುರು ಕೆಲಸ. ಕೈ ಮೇಲೇಳುವ ತುಡಿತ ಬಂದ ಕೂಡಲೇ ಮುಷ್ಟಿ ಬಿಗಿಹಿಡಿದು ತೊಡೆಯ ಮೇಲಿಟ್ಟುಕೊಂಡು ಒಂದರಿಂದ ಮೂರು ನಿಮಿಷ ಹಾಗೇ ಕೂರಬೇಕು. ಮುಷ್ಟಿ ಕಟ್ಟಿದ ಕೈ ಕೂದಲು ಕೀಳಲಾರದು, ಪಕ್ಕದ ಬೆಂಚಿನವರಿಗೆ ಗೊತ್ತೂ ಆಗುವುದಿಲ್ಲ. ತುಡಿತ ಅಲೆಯ ಹಾಗೆ, ಏರಿದ್ದು ತಾನಾಗಿ ಇಳಿಯುತ್ತದೆ. ಪ್ರತಿ ಸಲ ಕೀಳದೆ ಇಳಿಯಲು ಬಿಟ್ಟಾಗ ಹಳೆಯ ಜಾಡು ಸ್ವಲ್ಪ ಸಡಿಲವಾಗುತ್ತದೆ.

ಬೆರಳು ಹುಡುಕುವ ಒರಟು ಸ್ಪರ್ಶವನ್ನು ಬೇರೆ ಕಡೆ ಕೊಡಬಹುದು. ಹಾಕಿ ಸ್ಟಿಕ್ ಇಲ್ಲದ ಮನೆ ಕೊಡಗಿನಲ್ಲಿ ಕಡಿಮೆ, ಅಲ್ವಾ? ಅದಕ್ಕೆ ಸುತ್ತುವ ಗ್ರಿಪ್ ಟೇಪಿನ ತುಂಡನ್ನು ಪೆನ್ನಿಗೆ ಸುತ್ತಿಕೊಡಿ. ಒಣಗಿದ ಚೆರ್ರಿ ಕಾಫಿಯ ಹತ್ತಾರು ಕಾಯಿಗಳನ್ನು ಬಟ್ಟೆ ಚೀಲದಲ್ಲಿ ಹಾಕಿ ಮೇಜಿನ ಮೇಲಿಡಿ. ಸುಗ್ಗಿಯ ಕಾಲವಾದರೆ ಕರಿಮೆಣಸಿನ ಗೊಂಚಲಿನಿಂದ ಕಾಳು ಬಿಡಿಸುವುದು ಬೆರಳಿಗೆ ಒಳ್ಳೆಯ ಕೆಲಸ, ಅದನ್ನು ಶಿಕ್ಷೆ ಅನ್ನಿಸುವ ಹಾಗೆ ಹೇಳಬಾರದು ಅಷ್ಟೇ. ಓದುವಾಗ ಕೂದಲನ್ನು ಜಡೆ ಹಾಕಿ ಟೋಪಿಯೊಳಗೆ ಸೇರಿಸುವುದು, ಬೆರಳ ತುದಿಗೆ ಬ್ಯಾಂಡೇಜ್ ಸುತ್ತುವುದು, ಮೊಡವೆ ಹಿಸುಕುವವರಾದರೆ ಬಚ್ಚಲಿನ ಕನ್ನಡಿಗೆ ಬಟ್ಟೆ ಇಳಿಬಿಡುವುದು ಕೂಡ ನೆರವಾಗುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. 'ಕೈ ತೆಗಿ' ಎಂದು ದಿನಕ್ಕೆ ಹತ್ತು ಸಲ ಕೂಗಿದರೆ ಮಗು ಕೀಳುವುದನ್ನು ಬಿಡುವುದಿಲ್ಲ, ನಿಮ್ಮ ಕಣ್ಣಿಗೆ ಬೀಳದ ಜಾಗ ಹುಡುಕಿಕೊಳ್ಳುತ್ತದೆ. ಬದಲಿಗೆ ಮಗುವನ್ನೇ ಕೇಳಿ, ನೆನಪಿಸಬೇಕಾ, ಹೇಗೆ ನೆನಪಿಸಲಿ? ಭುಜ ಮುಟ್ಟುವುದೋ, ಚಿಕ್ಕ ಸನ್ನೆಯೋ, ಮಗು ಒಪ್ಪಿದ್ದು ಮಾತ್ರ. ಮುಷ್ಟಿ ಕಟ್ಟಿದ್ದು ಕಂಡರೆ ಅದಕ್ಕೆ ಒಂದು ಒಳ್ಳೆಯ ಮಾತು ಹೇಳಿ. ಮದುವೆ ಮನೆಯಲ್ಲಿ ನೆಂಟರು 'ಏನಿದು ತಲೆ?' ಎಂದಾಗ ಮಗುವಿನ ಪರವಾಗಿ ನಿಲ್ಲಿ.

ಹಾಗಂತ ಎಲ್ಲ ಗೀಳಿಗೂ ಇದೇ ದಾರಿ ಅಲ್ಲ. ಕೊಳೆ ಹತ್ತಿದೆ, ಮನೆಯವರಿಗೆ ಏನೋ ಆಗುತ್ತದೆ ಎಂಬ ಭಯದಿಂದ ಕೈ ತೊಳೆಯುತ್ತಲೇ ಇರುವ, ಚಿಲಕ ನೋಡುತ್ತಲೇ ಇರುವ ಮಗುವಿಗಿರುವುದು ಒಸಿಡಿ ಎಂಬ ಗೀಳು ಕಾಯಿಲೆ ಆಗಿರಬಹುದು. ಅದರ ಚಿಕಿತ್ಸೆಯಲ್ಲಿ ಮಗು ಆ ಭಯವನ್ನು ಸ್ವಲ್ಪಸ್ವಲ್ಪವೇ ಎದುರಿಸಿ, ತೊಳೆಯದೆ ಇರಲು ಕಲಿಯುತ್ತದೆ. ಅದಕ್ಕೆ ತರಬೇತಾದವರ ಜೊತೆ ಬೇಕೇ ಬೇಕು.

ಮಾತ್ರೆಯ ವಿಚಾರ. ಎನ್-ಅಸಿಟೈಲ್ ಸಿಸ್ಟೀನ್ ಎಂಬುದು ಕೂದಲು ಕೀಳುವ ದೊಡ್ಡವರಲ್ಲಿ ಫಲ ಕೊಟ್ಟಿತು ಎಂದು 2009ರ ಪ್ರಯೋಗವೊಂದು ತೋರಿಸಿತು. 2013ರಲ್ಲಿ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಡಮ್ಮಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಆನ್‌ಲೈನಿನಲ್ಲಿ ತರಿಸಿ ಮಕ್ಕಳಿಗೆ ಕೊಡಲು ಹೋಗಬೇಡಿ.

ಕಿತ್ತ ಕೂದಲನ್ನು ಮಗು ನುಂಗುತ್ತಿದ್ದರೆ ಕಾಯಬೇಡಿ. ಕೂದಲು ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆ ಕಟ್ಟಬಹುದು. ಹೊಟ್ಟೆನೋವು, ವಾಂತಿ, ಊಟ ಸೇರದಿರುವುದು ಅದರ ಗುರುತು. ಕೆಲವೊಮ್ಮೆ ಆಪರೇಷನ್ನೇ ಬೇಕಾಗುತ್ತದೆ. ಮಗು ಮಂಕಾಗಿದ್ದರೆ, ಶಾಲೆಗೆ ಹೋಗಲು ಒಲ್ಲೆ ಎಂದರೆ, ಬದುಕು ಬೇಡ ಎಂಬ ಮಾತು ಬಂದರೆ ಆಗಲೂ ತಡ ಮಾಡಬಾರದು. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಎಸ್ಟೇಟಿನ ಮೂಲೆಯಿಂದ ಹೊರಡುವುದೇ ಕಷ್ಟ ಎನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎಲ್ಲಿ ಹೋದರೂ 'ಹ್ಯಾಬಿಟ್ ರಿವರ್ಸಲ್ ಮಾಡಿಸುತ್ತೀರಾ?' ಎಂದು ಹೆಸರು ಹಿಡಿದು ಕೇಳಿ.

ಕಡಿಮೆಯಾದದ್ದು ಪರೀಕ್ಷೆ ಹತ್ತಿರ ಬಂದಾಗ ಮರುಕಳಿಸುವುದುಂಟು. ಫೆಬ್ರವರಿ, ಮಾರ್ಚ್‌ನಲ್ಲಿ ಮತ್ತೆ ಮೇಜಿನ ಕೆಳಗೆ ಕೂದಲು ಕಂಡರೆ, ಮಾಡಿದ್ದೆಲ್ಲ ಹೋಯಿತು ಎಂದು ಮಗುವಿನ ಮುಂದೆ ಕೈಚೆಲ್ಲಬೇಡಿ. ಹಳೆಯ ನೋಟ್‌ಬುಕ್ಕಿನಲ್ಲಿ ಯಾವ ಹೊತ್ತಿಗೆ, ಎಲ್ಲಿ, ಏನು ನೆರವಾಗಿತ್ತು ಎಂಬುದೆಲ್ಲ ಇದೆ. ಅಲ್ಲಿಂದ ಶುರು ಮಾಡಿದರೆ ಎರಡನೇ ಸಲ ಬೇಗ ಹಿಡಿತಕ್ಕೆ ಬರುವ ಸಾಧ್ಯತೆ ಜಾಸ್ತಿ.