ಟ್ರೇಲರ್ ಎಷ್ಟು ಫೂಟಿನದು ಅನ್ನುವ ಮೊದಲು, ತುಂಬೋದು ಏನು?

ಟ್ರ್ಯಾಕ್ಟರ್ ಕೊಂಡ ಬೆನ್ನಲ್ಲೇ ಟ್ರೇಲರ್ ವಿಚಾರ ಬರುತ್ತದೆ. ಗ್ಯಾರೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಫೂಟಿಂದ ಮಾಡ್ಲಿ?’ ಎಂಬುದು. ಪಕ್ಕದ ಹೊಲದವರು 10 ಫೂಟಿನದು ಮಾಡಿಸಿದ್ದರೆ ನಮ್ಮದು 11 ಇರಲಿ ಎನ್ನುವುದು ರೂಢಿ. ಲೆಕ್ಕ ತಪ್ಪುವುದು ಅಲ್ಲೇ. ಟ್ರೇಲರಿಗೆ ಎರಡು ಅಳತೆಗಳಿವೆ: ಹಿಡಿಯುವ ಜಾಗ ಒಂದು, ಹೊರುವ ತೂಕ ಇನ್ನೊಂದು. ಫೂಟು ಜಾಗವನ್ನಷ್ಟೇ ಹೇಳುತ್ತದೆ.

10 ಫೂಟು ಉದ್ದ, 6 ಫೂಟು ಅಗಲ, 2 ಫೂಟು ಎತ್ತರದ ಡಬ್ಬಿ, ಅಂದರೆ ಮಾಲು ತುಂಬುವ ಭಾಗ, ಹಿಡಿಯೋಣ. ಒಟ್ಟು 120 ಘನ ಅಡಿ, ಅಂದರೆ ಒಂದೂಕಾಲು ಬ್ರಾಸಿಗೆ (100 ಘನ ಅಡಿಗೆ ಒಂದು ಬ್ರಾಸು) ಸ್ವಲ್ಪ ಕಡಿಮೆ. ಸಮತಟ್ಟಾಗಿ ಗೋವಿನಜೋಳದ ಕಾಳು ತುಂಬಿದರೆ ಘನ ಅಡಿಗೆ ಸುಮಾರು 20 ಕಿಲೋದಂತೆ 24 ಕ್ವಿಂಟಲ್. ಕಡಲೆಯಾದರೆ 26ರ ಆಸುಪಾಸು. ತಿಪ್ಪೆಗೊಬ್ಬರ ಹಸಿ ಎಷ್ಟಿದೆ ಅನ್ನುವುದರ ಮೇಲೆ ಎರಡು ಟನ್ನಿನ ಅತ್ತಿತ್ತ. ಸಿಪ್ಪೆ ಶೇಂಗಾ ಒಂದು ಟನ್ ತೂಗಿದರೆ ಹೆಚ್ಚು. ಅದೇ ಡಬ್ಬಿಗೆ ಒಣ ಮರಳು ಹಾಕಿದರೆ ಘನ ಅಡಿಗೆ 45 ಕಿಲೋದಂತೆ 5.4 ಟನ್! ಮರಳು ಹಸಿಯಾಗಿದ್ದರೆ ಆರು ಟನ್ ದಾಟುತ್ತದೆ. ಮೇಲೆ ಗುಡ್ಡೆ ಏರಿಸಿದ್ದು ಬೇರೆ. ‘ಐದು ಟನ್ನಿನ ಟ್ರೇಲರ್’ ಎಂದು ಮಾರಿದ ಗಾಡಿ ಡಬ್ಬಿ ತುಂಬುವ ಹೊತ್ತಿಗೇ ತನ್ನ ಮಿತಿ ಮೀರಿರುತ್ತದೆ.

ಬ್ಯಾಡಗಿ ಮೆಣಸಿನಕಾಯಿ, ಹತ್ತಿ, ಹೊಟ್ಟು, ಕಣಿಕೆ ಇದಕ್ಕೆ ತದ್ವಿರುದ್ಧ. ಎಷ್ಟು ಹೇರಿದರೂ ತೂಕ ಬರುವುದಿಲ್ಲ, ಜಾಗ ಮಾತ್ರ ಸಾಲುವುದಿಲ್ಲ. ಹಾವೇರಿ ಕಡೆ ಒಂದೇ ಮನೆಯಲ್ಲಿ ಬೇಸಿಗೆಗೆ ಗೊಬ್ಬರ, ಸುಗ್ಗಿಗೆ ಗೋವಿನಜೋಳ, ಆಮೇಲೆ ಹತ್ತಿ, ನಡುವೆ ಮನೆ ಕಟ್ಟುವವರಿಗೆ ಖಡಿ, ಮರಳು ಹೇರುತ್ತಾರೆ. ಇವೆಲ್ಲಕ್ಕೂ ಸರಿಹೊಂದುವ ಒಂದೇ ಎತ್ತರ ಇಲ್ಲ. ಕಾಯಂ ತಗಡು ಒಂದೂವರೆ ಫೂಟು ಇರಲಿ. ಅದರ ಮೇಲೆ ಬಿಚ್ಚಿ ಹಾಕುವಂಥ ಎರಡು ಫೂಟಿನ ಜಾಲಿ ಮಾಡಿಸಿ. ಭಾರದ ಮಾಲಿಗೆ ಜಾಲಿ ಬಿಚ್ಚಿಟ್ಟರೆ ಹೆಚ್ಚಿಗೆ ಹೇರುವ ಆಸೆಗೂ ಕಡಿವಾಣ: 90 ಘನ ಅಡಿ ಮರಳು ನಾಲ್ಕು ಟನ್ನಿಗೆ ನಿಲ್ಲುತ್ತದೆ.

ಈಗ ಟ್ರ್ಯಾಕ್ಟರಿನ ಕಡೆಗೆ ಬರೋಣ. ಎಚ್‌ಪಿ ಕೇಳುವವರೇ ಎಲ್ಲ, ತೂಕ ಕೇಳುವವರು ಕಡಿಮೆ. ಎಳೆಯುವುದು ಎಂಜಿನ್ ಅಷ್ಟೇ ಅಲ್ಲ, ಹಿಂದಿನ ಗಾಲಿಯ ಹಿಡಿತವೂ. ಎರಡು ಟನ್ ತೂಗುವ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಸುಮಾರು 1,200 ಕಿಲೋ ಭಾರ ಇರುತ್ತದೆ. ಸಡಿಲ ಮಣ್ಣಿನಲ್ಲಿ ಅದರ ಅರ್ಧದಷ್ಟು, ಅಂದರೆ 600 ಕಿಲೋ ಎಳೆತ ಸಿಕ್ಕರೆ ದೊಡ್ಡದು. ಡಬ್ಬಿಯ ತೂಕವೂ ಸೇರಿ ಆರೂವರೆ ಟನ್ನಿನ ನಾಲ್ಕು ಗಾಲಿ ಟ್ರೇಲರ್ ಡಾಂಬರಿನ ಮೇಲೆ ಉರುಳಲು ನೂರಕ್ಕೆ ಎರಡರಂತೆ 130 ಕಿಲೋ ಎಳೆತ ಸಾಕು. ರಂಟೆ ಹೊಡೆದ ಹೊಲದಲ್ಲಿ ನೂರಕ್ಕೆ ಹತ್ತರಂತೆ 650 ಬೇಕು. ಅಲ್ಲಿಗೆ ಗಾಲಿ ಜಾಗದಲ್ಲೇ ತಿರುಗುತ್ತದೆ. ನವಲಗುಂದ, ನರಗುಂದದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಒಂದು ಮಳೆ ಬಿದ್ದಿದ್ದರೆ ಬೇಕಾದ ಎಳೆತ ಹೆಚ್ಚಿ, ಹಿಡಿತ ಇಳಿದು ಹೋಗುತ್ತದೆ. 35 ಎಚ್‌ಪಿ ಬದಲು 50 ತಂದರೂ ಗಾಡಿ ಹಗುರವಿದ್ದರೆ ಕೆಸರು ಹಾರುವುದೊಂದೇ ಲಾಭ.

ಹೊಲದೊಳಗೆ ಎರಡು ಗಾಲಿ ಟ್ರೇಲರ್ ಮೇಲು ಎನ್ನುವುದು ಇದಕ್ಕೇ. ಅದರ ಭಾರದ ಒಂದು ಪಾಲು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂಗಾಲಿಗಳನ್ನು ಒತ್ತಿ ಹಿಡಿಯುತ್ತದೆ. ಆದರೆ ಕೊಂಡಿಯ ಮೇಲೆ ಭಾರ ಬಿದ್ದಷ್ಟೂ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗುತ್ತದೆ. ಐದು ಟನ್ನಿಗೆ 500 ಕಿಲೋ ಬಿದ್ದರೆ ಹಿತ, ಒಂದು ಟನ್ ಬಿದ್ದರೆ ಏರಿನಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಮೂತಿ ಎದ್ದಿತು ಎನ್ನುತ್ತೇವಲ್ಲ, ಅದು. ಟ್ರ್ಯಾಕ್ಟರಿನ ತೂಕದ ಐದನೇ ಒಂದು ಭಾಗವಾದರೂ ಮುಂದಿನ ಗಾಲಿಗಳ ಮೇಲೆ ಉಳಿಯಬೇಕು. ಟ್ರೇಲರಿನ ಗಾಲಿಗಳ ಅಚ್ಚು (ಆ್ಯಕ್ಸಲ್) ಡಬ್ಬಿಯ ನಟ್ಟನಡುವೆ ಇರದೆ ತುಸು ಹಿಂದಕ್ಕೆ ಇರಬೇಕು. ಮಾಲನ್ನು ಹಿಂದೆ ಒತ್ತಿ ಹೇರಿದರೆ ಕೊಂಡಿ ಮೇಲಕ್ಕೆ ಎಳೆಯುತ್ತದೆ. ಅದು ಇನ್ನೂ ಅಪಾಯ.

ಕೊಂಡಿಯ ಭಾರ ತಿಳಿಯಲು ತೂಕದ ಕಾಟಾ ಸಾಕು. ಮಾಲು ಹೇರಿದ ಜೋಡಿಯನ್ನು ಪೂರ್ತಿ ತೂಗಿ, ಆ ತೂಕದಿಂದ ಟ್ರ್ಯಾಕ್ಟರಿನದನ್ನು ಕಳೆಯಿರಿ. ಆಮೇಲೆ ಟ್ರೇಲರಿನ ಗಾಲಿಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಗಿ. ಎರಡರ ನಡುವಿನ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ.

ಹುಬ್ಬಳ್ಳಿ ಅಮರಗೋಳದ ಎಪಿಎಂಸಿಗೆ ದೂರದಿಂದ ಚೀಲ ತರುವವರಿಗೆ, ಅಂದರೆ ಬಹುಪಾಲು ಡಾಂಬರಿನ ಮೇಲೆಯೇ ಓಡಿಸುವವರಿಗೆ, ನಾಲ್ಕು ಗಾಲಿಯದೇ ಒಳ್ಳೆಯದು. ಕೊಂಡಿಗೆ ಭಾರ ಇಲ್ಲ, ಬಿಚ್ಚಿಟ್ಟರೂ ತಾನೇ ನಿಲ್ಲುತ್ತದೆ. ಹಿಂದಕ್ಕೆ ತಳ್ಳುವುದು ಮಾತ್ರ ಹೊಸ ಚಾಲಕನಿಗೆ ಕಷ್ಟ. ಇಳಿಜಾರಿನಲ್ಲಿ ಬ್ರೇಕಿಲ್ಲದ ಟ್ರೇಲರ್ ಯಾವುದೇ ಇರಲಿ, ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸುತ್ತದೆ. ಕಲಘಟಗಿ ಕಡೆಯ ಇಳುಕಲು, ಕಪ್ಪತಗುಡ್ಡದ ಸೆರಗಿನ ದಾರಿಗಳಲ್ಲಿ ಇಳಿಯುವ ಮೊದಲೇ ಸಣ್ಣ ಗೇರ್ ಹಾಕಬೇಕು. ಇಳಿಯುವಾಗ ಕ್ಲಚ್ ಒತ್ತಬಾರದು.

ಮಾಡಿಸುವಾಗ ನೋಡಬೇಕಾದ್ದು ಇಷ್ಟು. ಐದು ಟನ್ ಹೊರುವುದಕ್ಕೆ ಚಾಸಿಗೆ, ಅಂದರೆ ಡಬ್ಬಿ ಹೊರುವ ಚೌಕಟ್ಟಿಗೆ, 125 ಮಿಲಿಮೀಟರ್ ಚಾನೆಲ್, ಖಡಿ ಹೇರುವವರಿಗೆ 150. ಅಚ್ಚು 75 ಮಿಲಿಮೀಟರ್ ಚೌಕದ ಗಟ್ಟಿ ಸಲಾಕೆ. ತಳಕ್ಕೆ 4 ಮಿಲಿಮೀಟರ್ ತಗಡು, ಬದಿಗೆ 3 ಸಾಕು. ತಳದ ಅಡ್ಡಪಟ್ಟಿಗಳು ದೂರ ದೂರವಿದ್ದರೆ ತಗಡು ಎಷ್ಟು ದಪ್ಪವಿದ್ದರೂ ನಡುವೆ ತಗ್ಗು ಬೀಳುತ್ತದೆ. ಟೈರ್ 9.00-16 ಇರಲಿ, ಅದು ಹೊರುವ ತೂಕ ಬದಿಯಲ್ಲೇ ಅಚ್ಚಾಗಿರುತ್ತದೆ. ಹಳೆಯ ಲಾರಿ ಟೈರ್ ಅಗ್ಗಕ್ಕೆ ಸಿಗುತ್ತದೆ ಎಂದು ಹಾಕಿಸಿದರೆ ಭಾರದಲ್ಲಿ ಸಿಡಿಯುವುದು ಅದೇ. ಅಗಲ 6 ಫೂಟು ದಾಟಿದರೆ ಬದುವಿನ ದಾರಿಯಲ್ಲಿ ಎರಡೂ ಬದಿಯ ಬೇಲಿ ಉಜ್ಜುತ್ತದೆ.

ತಾನೇ ಎದ್ದು ಮಾಲು ಸುರಿಯುವ ಜಾಕಿನ ಡಬ್ಬಿ ಬೇಕೆನ್ನುವವರು ಒಂದು ನೆನಪಿಡಬೇಕು: ಎತ್ತುವ ಜಾಗ ಸಮತಟ್ಟಾಗಿರಬೇಕು. ಹಸಿ ಎರಿ ಮಣ್ಣು ಮುಂದಿನ ಮೂಲೆಗೆ ಅಂಟಿ ನಿಂತು, ಒಂದು ಬದಿ ಖಾಲಿಯಾದಾಗ ಗಾಡಿ ಮಗುಚುತ್ತದೆ. ಡಬ್ಬಿ ಮೇಲಿದ್ದಾಗ ಊರುಗೋಲು ಕೊಡದೆ ಕೆಳಗೆ ಯಾರೂ ಹೋಗಬಾರದು.

ಟ್ರೇಲರಿಗೂ ಬೇರೆ ನೋಂದಣಿ, ಬೇರೆ ನಂಬರ್ ಪ್ಲೇಟ್ ಬೇಕು. ವಿಮೆಯಲ್ಲೂ ಅದರ ಹೆಸರು ಸೇರಿರಬೇಕು. ಬೇಸಾಯಕ್ಕೆಂದು ನೋಂದಾಯಿಸಿ ಬಾಡಿಗೆಗೆ ಮರಳು ಹೇರಿದರೆ ಅಪಘಾತದ ದಿನ ವಿಮೆ ಕೈಕೊಡಬಹುದು.

ಹೊಸ ಟ್ರೇಲರ್ ಮೊದಲ 50 ಕಿಲೋಮೀಟರ್ ಭಾರ ಹೊತ್ತು ಓಡಿದ ಮೇಲೆ ಅಚ್ಚನ್ನು ಹಿಡಿದಿರುವ ಯು-ಬೋಲ್ಟ್ ಬಿಗಿ ಮಾಡಿಸಬೇಕು. ನಟ್ಟಿನ ಕೆಳಗಿನ ಬಣ್ಣ ಪುಡಿಯಾಗಿ ಬೋಲ್ಟ್ ಸಡಿಲಾಗುತ್ತದೆ. ಆಗ ಅಚ್ಚು ಅರ್ಧ ಇಂಚು ಜಾರಿದರೂ ಟ್ರೇಲರ್ ಓರೆಯಾಗಿ ಓಡುತ್ತದೆ, ಟೈರ್ ಒಂದೇ ಬದಿ ಸವೆಯುತ್ತದೆ. ಹಾಗೆ ಸವೆದಿದ್ದು ಕಂಡರೆ ಟೈರ್ ಬದಲಿಸುವ ಮುನ್ನ ಕೊಂಡಿಯಿಂದ ಅಚ್ಚಿನ ಎರಡೂ ತುದಿಗೆ ಟೇಪ್ ಹಿಡಿದು ಅಳೆಯಿರಿ, ಎರಡೂ ಸಮ ಇರಬೇಕು.