ಪಟ್ಟಿಯಲ್ಲಿ ಬೆಲೆಗಳಿವೆ, ಫಂಕ್ಷನ್ ಎಲ್ಲಿ?

0, 1, 2, 3 ಹೀಗೆ ಪೂರ್ಣಾಂಕಗಳಲ್ಲಿ ಫಂಕ್ಷನ್ ಒಂದರ ಬೆಲೆ ಗೊತ್ತಿದ್ದರೆ ನಡುವಿನ ಬೆಲೆ ಹೇಳಬಹುದೇ? ಸ್ಕಾಟ್ಲೆಂಡಿನ ಗಣಿತಜ್ಞ ಜೇಮ್ಸ್ ಗ್ರೆಗರಿ 1670ರ ಪತ್ರವೊಂದರಲ್ಲಿ, ನ್ಯೂಟನ್ 1687ರಲ್ಲಿ ಧೂಮಕೇತುವಿನ ಲೆಕ್ಕದ ನೆಪದಲ್ಲಿ ಸೂತ್ರ ಕೊಟ್ಟರು: ಪಕ್ಕಪಕ್ಕದ ಬೆಲೆಗಳ ವ್ಯತ್ಯಾಸ, ಆ ವ್ಯತ್ಯಾಸಗಳ ವ್ಯತ್ಯಾಸ ತೆಗೆಯುತ್ತಾ ಬಹುಪದೋಕ್ತಿಗಳ ಶ್ರೇಣಿ ಕಟ್ಟುವುದು. ಮುಂದಿನ ಇನ್ನೂರು ವರ್ಷ ಬಳಕೆಯೇ ಹೆಚ್ಚು. ಶ್ರೇಣಿ ಕನ್ವರ್ಜ್ ಆಗುತ್ತದೆಯೇ, ಅಂದರೆ ಮೊತ್ತ ಒಂದೇ ಬೆಲೆಯತ್ತ ಸಾಗಿ ನೆಲೆಗೊಳ್ಳುತ್ತದೆಯೇ ಎಂಬ ಪ್ರಶ್ನೆ ಅಟ್ಟ ಸೇರಿತ್ತು.

ತೊಡಕು ಎರಡು. ಮೊದಲನೆಯದು ಸೈನ್. xಅನ್ನು ಪೈಯಿಂದ ಗುಣಿಸಿ ತೆಗೆದ ಸೈನ್, ಅಂದರೆ sin πx, ಎಲ್ಲ ಪೂರ್ಣಾಂಕಗಳಲ್ಲೂ ಸೊನ್ನೆ. ಪಟ್ಟಿ ನೋಡಿದರೆ ಅಲ್ಲಿ ಏನೂ ಇಲ್ಲ. 1914ರಲ್ಲಿ ಸ್ವೀಡನ್ನಿನ ಫ್ರಿಟ್ಸ್ ಕಾರ್ಲ್‌ಸನ್ ಇದಕ್ಕೆ ಗಡಿ ಹಾಕಿದರು: ಎಂಟೈರ್ ಫಂಕ್ಷನ್ನಿನ (ಸಂಕೀರ್ಣ ಸಂಖ್ಯೆಗಳ ಸಮತಲದಲ್ಲೆಲ್ಲ ಡೆರಿವೇಟಿವ್ ಇರುವ ಫಂಕ್ಷನ್) ಎಕ್ಸ್‌ಪೊನೆನ್ಶಿಯಲ್ ಟೈಪ್, ಅಂದರೆ ಬೆಳೆಯುವ ವೇಗ, ಪೈಗಿಂತ ಕಡಿಮೆಯಿದ್ದರೆ ಪಟ್ಟಿಗೆ ಹೊಂದುವ ಫಂಕ್ಷನ್ ಒಂದೇ.

ಎರಡನೆಯದು ಇನ್ನೂ ಕಿರಿಕಿರಿಯದು. 3ರ ಘಾತಗಳನ್ನು ತೆಗೆದುಕೊಳ್ಳಿ: 1, 3, 9, 27. ಇದರ ಟೈಪ್ ಸುಮಾರು 1.0986, ಪೈಗಿಂತ ಎಷ್ಟೋ ಕೆಳಗೆ. ಆದರೂ ನ್ಯೂಟನ್ ಶ್ರೇಣಿಯಿಂದ 3ರ ವರ್ಗಮೂಲ, ಅಂದರೆ 0 ಮತ್ತು 1ರ ನಡುವೆ ½ರಲ್ಲಿನ ಬೆಲೆ, ತೆಗೆಯಲು ಹೋದರೆ ಮೊತ್ತ 1, 2, 1.5, 2, 1.375, 2.25, 0.9375 ಎಂದು ತೂರಾಡುತ್ತದೆ. ಬರಬೇಕಾದದ್ದು 1.732. ಉತ್ತರ ಒಂದೇ ಎಂದು ಗೊತ್ತಿದ್ದೂ ಸೂತ್ರ ಅದನ್ನು ಕೊಡದು, ಏಕೆಂದರೆ ನ್ಯೂಟನ್ ಶ್ರೇಣಿಯ ಭರವಸೆ ಟೈಪ್ 2ರ ಸಹಜ ಲಾಗ್, ಅಂದರೆ 0.693 ಮುಟ್ಟುವಲ್ಲಿಗೇ ಮುಗಿಯುತ್ತದೆ. ಸೊನ್ನೆಯ ಎಡಬಲ ಎರಡೂ ಕಡೆಯ ಬೆಲೆ ಬಳಸುವ ಸ್ಟರ್ಲಿಂಗ್ ಶ್ರೇಣಿಗೆ ಮಿತಿ 1.76ರವರೆಗೆ ಏರುತ್ತದೆ, 3ರ ಘಾತ ಸಲೀಸಾಗಿ ಸಿಗುತ್ತದೆ. ನಮ್ಮ ಬಿಎಸ್ಸಿ ತರಗತಿಗಳಲ್ಲಿ ಮಾತ್ರ ಡಿಫರೆನ್ಸ್ ಟೇಬಲ್ ತುಂಬಿಸುವುದೇ ಪಾಠ. ಫಂಕ್ಷನ್ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂದು ಕೇಳುವ ರೂಢಿಯಿಲ್ಲ.

ಆಮೇಲೆ ಶ್ರೇಣಿಗಳ ಸುಗ್ಗಿ. ಒಂದೊಂದು ಬಿಂದುವಿನಲ್ಲಿ ಒಂದೊಂದು ಡೆರಿವೇಟಿವ್ (ಬದಲಾವಣೆಯ ದರ) ಕೇಳುವ ಏಬಲ್ ಶ್ರೇಣಿ ಮೊದಲೇ ಇತ್ತು. 0 ಮತ್ತು 1ರಲ್ಲಿ ಸಮಸಂಖ್ಯೆಯ ಡೆರಿವೇಟಿವ್‌ಗಳನ್ನಷ್ಟೇ ಕೇಳುವ ಲಿಡ್‌ಸ್ಟನ್ ಶ್ರೇಣಿ ಅದರ ಜೊತೆ ಸೇರಿತು. ಪ್ರತಿಯೊಂದಕ್ಕೂ ಬೇರೆ ಮಿತಿ, ಬೇರೆ ಸಾಧನೆ. ಗಣಿತಜ್ಞರಾದ ಬೋಆಸ್ ಮತ್ತು ಬಕ್ 1958ರಲ್ಲಿ ಇಂಥ ಹಲವನ್ನು ಒಂದೇ ವಿಧಾನದಡಿ ತಂದರು. ಅದು ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಕಾಗದ ಉಳಿಯುತ್ತಿತ್ತು.

ಒಂದು ಪ್ರಶ್ನೆ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಫಂಕ್ಷನ್ನಿಗೂ ಅದರ ಪ್ರತಿ ಡೆರಿವೇಟಿವ್‌ಗೂ ಏಕಮಾನ ವೃತ್ತದೊಳಗೆ ಒಂದಾದರೂ ಸೊನ್ನೆಯಿದ್ದು, ಫಂಕ್ಷನ್ನೇ ಸೊನ್ನೆಯಲ್ಲದಿರಬೇಕಾದರೆ ಅದು ಕನಿಷ್ಠ ಎಷ್ಟು ವೇಗವಾಗಿ ಬೆಳೆಯಬೇಕು? ಈ ಸಂಖ್ಯೆಗೆ ವಿಟಕರ್ ಸ್ಥಿರಾಂಕ ಎಂದು ಹೆಸರು. 0.7357 ಇರಬಹುದೆಂಬ ಅಂದವಾದ ಊಹೆಯಿತ್ತು. ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದಾಗ ಬಂದದ್ದು 0.7377.