ಕಾರಿನ ಭಾರ ಬೋಲ್ಟುಗಳ ಮೇಲಿಲ್ಲ

ಕಾರಿನ ಚಕ್ರವನ್ನು ಹಲವು ಬಾರಿ ಬಿಚ್ಚಿ ಕೂಡಿಸಿದವರನ್ನು ಕೂಡ, ಕಾರಿನ ಭಾರವನ್ನು ಚಕ್ರಕ್ಕೆ ದಾಟಿಸುವುದು ಯಾವುದು ಎಂದು ಕೇಳಿದರೆ, ಹೆಚ್ಚಿನವರು ಆ ನಾಲ್ಕೋ ಐದೋ ಬೋಲ್ಟುಗಳತ್ತ ಬೆರಳು ತೋರಿಸುತ್ತಾರೆ. ಗೋಡೆಯ ಮೊಳೆ ಚಿತ್ರಪಟವನ್ನು ಹೊತ್ತಂತೆ ಬೋಲ್ಟುಗಳು ಕಾರನ್ನು ಹೊತ್ತಿವೆ ಎಂಬುದು ಅವರ ಕಲ್ಪನೆ. ವೀಲ್ ಸ್ಪೇಸರ್ ಕುರಿತು ಕೇಳಿಬರುವ ಭಯ ಮತ್ತು ಭಂಡಧೈರ್ಯ ಎರಡೂ ಹುಟ್ಟುವುದು ಈ ಒಂದೇ ಕಲ್ಪನೆಯಿಂದ. ಹಬ್ (ಚಕ್ರವನ್ನು ಕೂಡಿಸುವ, ಕಾರಿನ ಕಡೆಯ ತಿರುಗುವ ತುಂಡು) ಮತ್ತು ಚಕ್ರದ ನಡುವೆ ಲೋಹದ ಬಿಲ್ಲೆಯೊಂದನ್ನು, ಅಂದರೆ ಸ್ಪೇಸರನ್ನು, ಸೇರಿಸಿದರೆ ಮೊಳೆ ಉದ್ದವಾಯಿತು, ಇನ್ನು ಅದು ಮುರಿಯುವುದೇ ಸರಿ ಎಂದು ಒಂದು ಗುಂಪು ಹೇಳಿದರೆ, ಬೋಲ್ಟು ದಪ್ಪವಾಗಿದ್ದರೆ ಏನನ್ನು ಬೇಕಾದರೂ ಸೇರಿಸಬಹುದು ಎಂದು ಇನ್ನೊಂದು ಗುಂಪು ಹೇಳುತ್ತದೆ. ಬೋಲ್ಟು ಮೊಳೆಯಲ್ಲ ಎಂಬುದನ್ನು ಎರಡೂ ಗುಂಪುಗಳು ಮರೆತಿವೆ.

ಈ ತಪ್ಪು ಕಲ್ಪನೆಯ ಬೇರು ಬಹುಶಃ ಎತ್ತಿನ ಗಾಡಿಯಲ್ಲಿದೆ. ಅಲ್ಲಿ ಭಾರ ಹೊರುವುದು ಅಚ್ಚು. ಗಾಲಿ ಕಳಚಿಬೀಳದಂತೆ ತಡೆಯುವುದು ಕಡೆಗೀಲು. ಕಾರಿನ ಚಕ್ರ ಹಬ್‌ಗೆ ಕೂಡಿಕೊಂಡಿರುವ ಬಗೆಯೇ ಬೇರೆ. ಅದರ ಬೋಲ್ಟುಗಳು ಅಚ್ಚಿನ ಕೆಲಸವನ್ನೂ ಮಾಡುವುದಿಲ್ಲ, ಕಡೆಗೀಲಿನ ಕೆಲಸವನ್ನೂ ಮಾಡುವುದಿಲ್ಲ. ಅವು ಬಹಳ ಗಡುಸಾದ ಸ್ಪ್ರಿಂಗುಗಳು. ಅವುಗಳನ್ನು ಎಳೆದು ಹಿಗ್ಗಿಸಿ ಬಿಟ್ಟಿರುತ್ತೇವೆ. ಮತ್ತೆ ಕುಗ್ಗಬೇಕೆಂಬ ಅವುಗಳ ಒತ್ತಾಯವೇ ಚಕ್ರವನ್ನು ಹಬ್‌ನ ಮುಖಕ್ಕೆ ಅದುಮಿ ಹಿಡಿಯುತ್ತದೆ. ಭಾರವನ್ನು ದಾಟಿಸುವುದು ಆ ಎರಡು ಮುಖಗಳ ನಡುವಿನ ಘರ್ಷಣೆ.

ಐದಾರು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಎರಡು ತುದಿಗಳನ್ನು ಅಂಗೈಗಳಿಂದ ಒತ್ತಿ ಎತ್ತಿದರೆ ಇಡೀ ಸಾಲು ಮೇಲೇಳುತ್ತದೆ. ನಡುವಿನ ಪುಸ್ತಕಗಳನ್ನು ಯಾವ ಸರಳೂ ಪೋಣಿಸಿಲ್ಲ, ಕೆಳಗಿನಿಂದ ಯಾರೂ ಹಿಡಿದಿಲ್ಲ. ಆದರೂ ಅವು ಬೀಳುವುದಿಲ್ಲ. ಒತ್ತುವುದನ್ನು ಸ್ವಲ್ಪ ಸಡಿಲಿಸಿದರೆ ಮಾತ್ರ ನಡುವಿನದು ಜಾರುತ್ತದೆ. ಬೋಲ್ಟುಗಳು ಇಲ್ಲಿ ಅಂಗೈಗಳು, ಹಬ್ ಮತ್ತು ಚಕ್ರ ಪುಸ್ತಕಗಳು. ಈ ಹೋಲಿಕೆಯಲ್ಲಿ ಇನ್ನೂ ಒಂದು ಸಂಗತಿ ಅಡಗಿದೆ. ಅಂಗೈಗಳ ಒತ್ತಡ ಪುಸ್ತಕಗಳ ನಡುವೆ ಪಾಲಾಗಿ ಹಂಚಿಹೋಗುವುದಿಲ್ಲ. ಪ್ರತಿಯೊಂದು ಜೋಡಿಯ ನಡುವೆಯೂ ಅದು ಪೂರ್ತಿಯಾಗಿಯೇ ಇರುತ್ತದೆ. ಆದ್ದರಿಂದ ಸ್ಪೇಸರ್ ಎಂಬ ಒಂದು ಪುಸ್ತಕವನ್ನು ನಡುವೆ ಸೇರಿಸಿದ ಮಾತ್ರಕ್ಕೆ ಹಿಡಿತ ಅರ್ಧವಾಗುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಎಂ12 ಅಳತೆಯ (12 ಮಿಲಿಮೀಟರ್ ವ್ಯಾಸದ) ಒಣ ಬೋಲ್ಟನ್ನು 110 ನ್ಯೂಟನ್ ಮೀಟರ್ ಟಾರ್ಕ್‌ನಲ್ಲಿ, ಅಂದರೆ ತಿರುಚುಬಲದಲ್ಲಿ, ಬಿಗಿದರೆ ಅದರಲ್ಲಿ ಸುಮಾರು 45,000 ನ್ಯೂಟನ್ ಸೆಳೆತ ಉಂಟಾಗುತ್ತದೆ. ಇದು ನಾಲ್ಕೂವರೆ ಟನ್ ತೂಕಕ್ಕೆ ಸಮ. ಐದು ಬೋಲ್ಟುಗಳಿಂದ 2,25,000 ನ್ಯೂಟನ್. ಘರ್ಷಣೆಯ ಗುಣಾಂಕವನ್ನು 0.15 ಎಂದು ಜಿಪುಣತನದಿಂದ ಹಿಡಿದರೂ ಮುಖಗಳು ಜಾರದೆ ತಡೆಯಬಲ್ಲ ಬಲ ಸುಮಾರು 34,000 ನ್ಯೂಟನ್. ಒಂದೂವರೆ ಟನ್ ತೂಕದ ಕಾರು ಒಂದೊಂದು ಚಕ್ರದ ಮೇಲೆ ಹೇರುವುದು ಸುಮಾರು 3,700 ನ್ಯೂಟನ್, ಅಂದರೆ ಒಂಬತ್ತರಲ್ಲಿ ಒಂದು ಪಾಲು. ಆದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗಿನ ಲೆಕ್ಕ ಇಷ್ಟು ಉದಾರವಾಗಿಲ್ಲ. ಮುಂದಿನ ಒಂದು ಟೈರು ನೆಲದಿಂದ 5,500 ನ್ಯೂಟನ್ ಬಲವನ್ನು ಪಡೆದರೆ, 30 ಸೆಂಟಿಮೀಟರ್ ತ್ರಿಜ್ಯದಲ್ಲಿ ಅದು 1,650 ನ್ಯೂಟನ್ ಮೀಟರ್ ತಿರುಚಾಗುತ್ತದೆ. ಬೋಲ್ಟುಗಳ ವೃತ್ತದ ತ್ರಿಜ್ಯ 57 ಮಿಲಿಮೀಟರ್ ಎಂದುಕೊಂಡರೆ, ಮುಖಗಳ ಘರ್ಷಣೆ ತಡೆಯಬಲ್ಲದ್ದು ಸುಮಾರು 1,900. ಐದರಲ್ಲಿ ಒಂದು ಬೋಲ್ಟು ಪೂರ್ತಿ ಸಡಿಲವಾದರೆ ಇದು 1,550ರ ಆಸುಪಾಸಿಗೆ ಇಳಿಯುತ್ತದೆ, ಉಳಿಕೆಯೆಲ್ಲ ಕರಗಿಹೋಯಿತು. ‘ಒಂದು ಬೋಲ್ಟು ಕಡಿಮೆಯಾದರೇನಂತೆ’ ಎನ್ನುವವರಿಗೆ ಈ ಒಂದು ಲೆಕ್ಕ ಸಾಕು.

ಮುಖಗಳು ಒಮ್ಮೆ ಜಾರತೊಡಗಿದರೆ ಮುಂದಿನದು ಬಲು ಬೇಗ ನಡೆಯುತ್ತದೆ. ಬೋಲ್ಟು ತಾನಾಗಿ ಸಡಿಲವಾಗುವುದು ಅದರ ಉದ್ದಕ್ಕೆ ಆಗುವ ಕಂಪನಕ್ಕಿಂತ ಅಡ್ಡಕ್ಕೆ ಆಗುವ ಸಣ್ಣ ಸರಿದಾಟದಿಂದ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗಗಳಿಂದ ತೋರಿಸಿದರು. ತಿರುಗುವ ಚಕ್ರದಲ್ಲಿ ಇನ್ನೊಂದು ವಿಚಿತ್ರವೂ ಇದೆ. ಸಡಿಲವಾದ ಬಳೆಯನ್ನು ಬೆರಳಿಗೆ ಹಾಕಿ ಸುತ್ತಿಸಿದರೆ ಬಳೆ ಬೆರಳಿನ ಮೇಲೆ ಉರುಳುತ್ತಾ ತಾನೂ ನಿಧಾನವಾಗಿ ತಿರುಗುವಂತೆ, ಸಡಿಲವಾದ ನಟ್ಟು ಕೂಡ ತನ್ನ ಆಸನದಲ್ಲಿ (ಚಕ್ರದ ರಂಧ್ರದಲ್ಲಿ ಅದು ಕೂರುವ ಜಾಗದಲ್ಲಿ) ಉರುಳುತ್ತಾ ಬಿಚ್ಚಿಕೊಳ್ಳಬಲ್ಲದು. ಈ ಭಯದಿಂದಲೇ ಕ್ರೈಸ್ಲರ್ ಕಂಪನಿ 1960ರ ದಶಕದ ಕಾರುಗಳಲ್ಲೂ ಎಡಬದಿಯ ಚಕ್ರಗಳಿಗೆ ಎಡಗೈ ತಿರುಪಿನ ನಟ್ಟುಗಳನ್ನೇ ಹಾಕುತ್ತಿತ್ತು. ಅದನ್ನು ಅರಿಯದೆ ಸಾಮಾನ್ಯ ದಿಕ್ಕಿನಲ್ಲಿ ಪಾನಾ ತಿರುಗಿಸಿ, ನಟ್ಟು ಕೂರುವ ತಿರುಪುಕಡ್ಡಿಯಾದ ಸ್ಟಡ್ಡನ್ನೇ ಮುರಿದುಕೊಂಡವರು ಎಷ್ಟಿದ್ದರೋ! ಸೈಕಲ್ಲಿನ ಎಡ ಪೆಡಲ್ಲಿನಲ್ಲಿ ಇಂದಿಗೂ ಎಡಗೈ ತಿರುಪೇ ಇರುವುದಕ್ಕೆ ಕಾರಣವೂ ಇದೇ. ಶಂಕುವಿನಾಕಾರದ ಆಸನ ಮತ್ತು ಸಾಕಷ್ಟು ಬಿಗಿತ, ಇವೆರಡೂ ಇದ್ದರೆ ಕಾರಿಗೆ ಆ ಜಾಣತನ ಬೇಕಾಗಿಲ್ಲ.

ಇನ್ನು ನನಗೆ ಅತ್ಯಂತ ಸೋಜಿಗವೆನಿಸುವ ಸಂಗತಿಗೆ ಬರುತ್ತೇನೆ. ಅಷ್ಟು ಸೆಳೆತದಲ್ಲಿ ಬೋಲ್ಟು ಎಷ್ಟು ಹಿಗ್ಗುತ್ತದೆ? ಅದರ ಹಿಗ್ಗಬಲ್ಲ ಭಾಗ 30 ಮಿಲಿಮೀಟರ್ ಉದ್ದವಿದ್ದರೆ, ಹಿಗ್ಗುವುದು ಸುಮಾರು 0.07 ಮಿಲಿಮೀಟರ್: ಒಂದು ತಲೆಗೂದಲಿನ ದಪ್ಪ. ಚಕ್ರ ಹಬ್‌ಗೆ ಅಂಟಿಕೊಂಡಿರುವುದು ಈ ಕೂದಲೆಳೆಯಷ್ಟು ಹಿಗ್ಗುವಿಕೆಯ ಬಲದಿಂದ. ಈಗ ಚಕ್ರದ ಕೂಡುವ ಮುಖಕ್ಕೆ ಬಣ್ಣ ಬಳಿದಿದ್ದಾರೆ ಎಂದುಕೊಳ್ಳಿ. ಪೌಡರ್ ಕೋಟಿಂಗ್‌ನ ಪದರ ಸಾಮಾನ್ಯವಾಗಿ 0.06ರಿಂದ 0.1 ಮಿಲಿಮೀಟರ್ ದಪ್ಪವಿರುತ್ತದೆ. ಬ್ರೇಕಿನ ಬಿಸಿಗೆ ಮೆತ್ತಗಾಗಿ ಅದು ಅರ್ಧದಷ್ಟು ಹಿಂಡಿಹೋದರೂ ಬೋಲ್ಟಿನ ಹಿಗ್ಗಿನ ಬಹುಪಾಲು ಮಾಯವಾಗುತ್ತದೆ. ಯಾವ ನಟ್ಟೂ ಒಂದು ಎಳೆಯಷ್ಟೂ ತಿರುಗದೆ ಚಕ್ರ ಸಡಿಲವಾಗುತ್ತದೆ. ತುಕ್ಕಿನ ಹುಡಿ, ಮಣ್ಣು, ಗ್ರೀಸಿನ ಗಂಟು, ಎಲ್ಲವೂ ಮಾಡುವುದು ಇದನ್ನೇ. ಸ್ಪೇಸರಿನ ನಿಜವಾದ ಅಪಾಯ ಇರುವುದೂ ಇಲ್ಲಿ: ಒಂದು ಕೂಡುಮುಖದ ಜಾಗದಲ್ಲಿ ಎರಡಾಗುತ್ತವೆ, ಹಿಂಡಿಹೋಗಬಲ್ಲ ಪದರಗಳೂ ಇಮ್ಮಡಿಯಾಗುತ್ತವೆ. ಚಕ್ರ ಕೂಡಿಸಿ ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿಯಬೇಕೆನ್ನುವುದು ಈ ಕಾರಣದಿಂದ. ಸ್ಪೇಸರಿಗೆಂದು ಹಾಕುವ ಉದ್ದದ ಬೋಲ್ಟು ಈ ವಿಷಯದಲ್ಲಿ ಉಪಕಾರಿಯೇ ಹೌದು. ಉದ್ದ ಹೆಚ್ಚಿದಷ್ಟೂ ಅದೇ ಸೆಳೆತಕ್ಕೆ ಅದು ಹೆಚ್ಚು ಹಿಗ್ಗಿರುತ್ತದೆ. ಹೀಗಾಗಿ ಅಷ್ಟೇ ದಪ್ಪದ ಪದರ ಕುಗ್ಗಿದರೂ ಕಳೆದುಕೊಳ್ಳುವ ಬಿಗಿತ ಕಡಿಮೆ.

ತಿರುಪಿಗೆ ಎಣ್ಣೆ ಹಚ್ಚುವುದು ಒಳ್ಳೆಯದೆಂಬ ನಂಬಿಕೆಯೂ ಇದೆ. ನಾವು ಹಾಕುವ ಟಾರ್ಕ್‌ನ ನೂರರಲ್ಲಿ ಸುಮಾರು ತೊಂಬತ್ತು ಪಾಲು ಬೋಲ್ಟಿನ ತಲೆ ಮತ್ತು ತಿರುಪಿನ ಘರ್ಷಣೆಯಲ್ಲೇ ವ್ಯಯವಾಗುತ್ತದೆ. ಹಿಗ್ಗಿಸಲು ಸಿಗುವುದು ಉಳಿದ ಹತ್ತು ಮಾತ್ರ. ಎಣ್ಣೆ ಹಚ್ಚಿ ಅದೇ ಟಾರ್ಕ್ ಹಾಕಿದರೆ ಸೆಳೆತ ಮೂರನೇ ಒಂದು ಪಾಲಿನಷ್ಟು ಏರಿ, ಬೋಲ್ಟು ಬೇಕಾದುದಕ್ಕಿಂತ ಹೆಚ್ಚು ಹಿಗ್ಗಿಬಿಡಬಹುದು.

ಸ್ಪೇಸರುಗಳಲ್ಲಿ ಎರಡು ಬಗೆ. ಒಂದು, ಬೋಲ್ಟುಗಳು ತೂರಿಹೋಗುವ ಬರಿಯ ಬಿಲ್ಲೆ. ಇನ್ನೊಂದು, ಮೊದಲು ಹಬ್‌ಗೆ ಬಿಗಿದು, ಅದರದೇ ಸ್ಟಡ್ಡುಗಳಿಗೆ ಚಕ್ರವನ್ನು ಬಿಗಿಯುವಂಥದ್ದು. ಮೊದಲನೆಯದರಲ್ಲಿ ತಿರುಪಿನ ಹಿಡಿತ ಎಷ್ಟು ಉಳಿಯಿತು ಎಂಬುದೇ ಮುಖ್ಯ. ಬೋಲ್ಟಿನ ವ್ಯಾಸದಷ್ಟಾದರೂ ಉದ್ದ ತಿರುಪಿನೊಳಗೆ ಇಳಿದಿರಬೇಕು, 1.5 ಮಿಲಿಮೀಟರ್ ಅಂತರದ ಎಂ12 ತಿರುಪಿಗೆ ಅದು ಎಂಟು ಸುತ್ತು. ಕೈಯಿಂದ ಸುತ್ತು ಎಣಿಸುವುದಕ್ಕೆ ಅರ್ಧ ನಿಮಿಷ ಸಾಕು, ಆದರೂ ಎಣಿಸುವವರು ವಿರಳ. 3 ಅಥವಾ 5 ಮಿಲಿಮೀಟರಿನ ತೆಳು ಬಿಲ್ಲೆ ನಿರಪಾಯಕಾರಿ ಎಂದು ಜನ ನಂಬುತ್ತಾರಾದರೂ, ಚಕ್ರವನ್ನು ನಡುವಿಗೆ ಕೂರಿಸುವ ಹಬ್‌ನ ಕಂಠವನ್ನು ನುಂಗಿಹಾಕುವುದು ಅದೇ. ತನ್ನದೇ ಕಂಠವಿರುವ ದಪ್ಪ ಸ್ಪೇಸರಿನಲ್ಲಿ ಈ ತೊಂದರೆ ಇರುವುದಿಲ್ಲ. ಅಂದಹಾಗೆ, ಪೋರ್ಷೆ ಕಂಪನಿಯೇ ತನ್ನ 911ರ ಕೆಲವು ಮಾದರಿಗಳಿಗೆ 5 ಮಿಲಿಮೀಟರ್ ಸ್ಪೇಸರುಗಳನ್ನು ಐಚ್ಛಿಕವಾಗಿ ಕೊಟ್ಟಿದೆ. ಹಾಗಾಗಿ ಸ್ಪೇಸರ್ ಎಂದೊಡನೆ ಪಾಪ ಎನ್ನಬೇಕಾಗಿಲ್ಲ. ಹಬ್‌ಗೂ ಬೋಲ್ಟಿಗೂ ಹೊಂದುವಂತೆ ಅದನ್ನು ಲೆಕ್ಕ ಹಾಕಿ ಮಾಡಲಾಗಿದೆಯೇ ಎಂದು ಕೇಳಬೇಕು.

ಚಕ್ರದ ಆಯ್ಕೆಯಲ್ಲೂ ಹೀಗೆಯೇ ‘ಹೆಚ್ಚುಕಡಿಮೆ ಸರಿಹೊಂದುತ್ತದೆ’ ಎಂಬ ಮಾತು ಅನರ್ಥಕ್ಕೆ ದಾರಿ. ನಾಲ್ಕು ಬೋಲ್ಟುಗಳ ವೃತ್ತದ ವ್ಯಾಸ 98 ಮಿಲಿಮೀಟರ್ ಇರುವ ಹಬ್‌ಗೆ 100ರ ಚಕ್ರವನ್ನು ಬಲವಂತದಿಂದ ಕೂರಿಸಬಹುದು. ಆದರೆ ಬೋಲ್ಟುಗಳು ಆಸನದಲ್ಲಿ ಓರೆಯಾಗಿ ಕೂತು ಬಾಗುತ್ತವೆ. ಶಂಕುವಿನ ಆಸನಕ್ಕೆ ಗೋಳದ ತಲೆಯ ಬೋಲ್ಟು ಹಾಕಿದರೆ ತಾಗುವುದು ಒಂದು ಗೆರೆಯಷ್ಟೇ ಜಾಗ. ಐದು ಬೋಲ್ಟುಗಳ ವೃತ್ತವನ್ನು ನೇರವಾಗಿ ಅಳೆಯಲಾಗದೆ ಪರದಾಡುವವರು ಪಕ್ಕಪಕ್ಕದ ಎರಡು ರಂಧ್ರಗಳ ನಡುವಿನ ಅಂತರವನ್ನು 1.701ರಿಂದ ಗುಣಿಸಿದರೆ ವ್ಯಾಸ ಸಿಗುತ್ತದೆ. ಬಹಳ ಕಾರುಗಳಲ್ಲಿ ಕಾಣುವ 114.3 ಎಂಬ ವಿಚಿತ್ರ ಸಂಖ್ಯೆ ಮತ್ತೇನಲ್ಲ, ನಾಲ್ಕೂವರೆ ಇಂಚು.

ಚಕ್ರದ ಕೂಡುವ ಮುಖ ಅದರ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬುದನ್ನು ಹೇಳುವ ಆಫ್‌ಸೆಟ್ ಎಂಬ ಅಳತೆ ಚಕ್ರದ ಮೇಲೆ ‘ಈಟಿ’ (ET) ಎಂದು ಅಚ್ಚಾಗಿರುತ್ತದೆ. 15 ಮಿಲಿಮೀಟರಿನ ಸ್ಪೇಸರ್ ಈಟಿ 45ರ ಚಕ್ರವನ್ನು ಈಟಿ 30ರದ್ದನ್ನಾಗಿ ಮಾಡುತ್ತದೆ. ಜ್ಯಾಮಿತಿಯ ಮಟ್ಟಿಗೆ ಇವೆರಡೂ ಒಂದೇ. ಆರೂವರೆ ಇಂಚು ಅಗಲದ ಈಟಿ 45ರ ಚಕ್ರವನ್ನು ತೆಗೆದು ಏಳೂವರೆ ಇಂಚಿನ ಈಟಿ 40ರದ್ದನ್ನು ಹಾಕಿದೆವು ಎನ್ನೋಣ. ಅಗಲ ಪ್ರತಿ ಬದಿಗೂ 12.7 ಮಿಲಿಮೀಟರ್ ಹೆಚ್ಚಿತು, ನಡುಗೆರೆ 5 ಹೊರಗೆ ಸರಿಯಿತು. ಅಂದರೆ ಹೊರ ಅಂಚು 17.7 ಹೊರಕ್ಕೂ ಒಳ ಅಂಚು 7.7 ಒಳಕ್ಕೂ ಬಂದವು. ಒಳಗೆ ಸಸ್ಪೆನ್ಷನ್ನಿನ ಸ್ಟ್ರಟ್‌ಗೆ ಇದ್ದ ಅಂತರವೇ 6 ಮಿಲಿಮೀಟರ್ ಆಗಿದ್ದರೆ ಚಕ್ರ ತಿರುಗುವುದೇ ಇಲ್ಲ. ಅಲ್ಲಿ 5 ಮಿಲಿಮೀಟರಿನ ಸ್ಪೇಸರ್ ಅಲಂಕಾರವಲ್ಲ, ಮದ್ದು. ಆದರೆ ಹೊರಗಿನ ಲೆಕ್ಕ 22.7ಕ್ಕೆ ಏರಿತು ಎಂಬುದನ್ನು ಮರೆಯಬಾರದು.

ಚಕ್ರ ಹೊರಗೆ ಹೋದಷ್ಟೂ ಕಾರು ಸ್ಥಿರ ಎಂಬ ಮಾತಿನಲ್ಲಿ ಅರೆಪಾವು ಸತ್ಯವಿದೆ. ಎಡಬಲ ಚಕ್ರಗಳ ನಡುವಿನ 1,500 ಮಿಲಿಮೀಟರಿನ ಅಂತರ 1,530 ಆದರೆ ತಿರುವಿನಲ್ಲಿ ಹೊರಚಕ್ರಕ್ಕೆ ದಾಟುವ ಭಾರ ಎರಡು ಶೇಕಡದಷ್ಟು ಇಳಿಯುತ್ತದೆ. ಅದಕ್ಕೆ ತೆರುವ ಬೆಲೆ ಸ್ಟೀರಿಂಗ್‌ನಲ್ಲಿದೆ. ಮುಂಚಕ್ರವು ಎಡಬಲಕ್ಕೆ ತಿರುಗುವ ಅಕ್ಷ ನೆಲವನ್ನು ಮುಟ್ಟುವ ಬಿಂದುವಿಗೂ ಟೈರು ನೆಲವನ್ನು ಒತ್ತುವ ಜಾಗದ ನಡುವಿಗೂ ಇರುವ ಅಂತರವನ್ನು ವಿನ್ಯಾಸಕಾರರು ಮಿಲಿಮೀಟರುಗಳ ಲೆಕ್ಕದಲ್ಲಿ ನಿಗದಿಮಾಡಿರುತ್ತಾರೆ. 1972ರ ಆಡಿ 80 ಕಾರಿನಲ್ಲಿ ಅಕ್ಷದ ಆ ಬಿಂದುವನ್ನು ಟೈರಿನ ನಡುವಿಗಿಂತ ಹೊರಗೆ ಇಡಲಾಗಿತ್ತು. ಒಂದು ಬದಿಯ ಚಕ್ರಗಳು ಒಣ ನೆಲದಲ್ಲೂ ಇನ್ನೊಂದು ಬದಿಯವು ಜಾರುನೆಲದಲ್ಲೂ ಇದ್ದು ಬ್ರೇಕ್ ಒತ್ತಿದಾಗ, ಕಾರು ಒಂದು ಕಡೆಗೆ ಎಳೆಯುವುದನ್ನು ಸ್ಟೀರಿಂಗ್ ತಾನಾಗಿ ವಿರೋಧಿಸಲಿ ಎಂಬುದು ಉದ್ದೇಶ. ಟೈರಿನ ನಡು ಆ ಬಿಂದುವಿಗಿಂತ 8 ಮಿಲಿಮೀಟರ್ ಒಳಗಿರುವ ಕಾರಿಗೆ 15ರ ಸ್ಪೇಸರ್ ಹಾಕಿದರೆ, ಅದು ಬಿಂದುವಿಗಿಂತ 7 ಹೊರಗೆ ಹೋಗುತ್ತದೆ. ಚಿಹ್ನೆಯೇ ಬದಲಾಯಿತು: ತಿದ್ದಬೇಕಾಗಿದ್ದ ಸ್ಟೀರಿಂಗ್ ಈಗ ಎಳೆತಕ್ಕೆ ಜೊತೆಗೂಡುತ್ತದೆ.

ಇಷ್ಟೆಲ್ಲದರ ನಡುವೆ ಜನ ಹೆಚ್ಚು ಹೆದರುವುದು ಬೇರಿಂಗಿನ ಬಗ್ಗೆ, ಮತ್ತು ಅಲ್ಲಿ ಹೆದರಿಕೆಗೆ ಅಷ್ಟು ಆಧಾರವಿಲ್ಲ. 15 ಮಿಲಿಮೀಟರ್ ಸರಿಯುವಿಕೆಯಿಂದ 3,700 ನ್ಯೂಟನ್ ಭಾರ ಹುಟ್ಟಿಸುವ ಹೆಚ್ಚುವರಿ ಬಾಗುಬಲ 55 ನ್ಯೂಟನ್ ಮೀಟರ್. ತಿರುವಿನಲ್ಲಿ ಅಡ್ಡಕ್ಕೆ ಬರುವ 3,000 ನ್ಯೂಟನ್ ಬಲ ಟೈರಿನ ತ್ರಿಜ್ಯದ ಮೂಲಕ ಹುಟ್ಟಿಸುವುದು 900. ತಮಾಷೆಯೆಂದರೆ ತಿರುವಿನ ಹೊರಚಕ್ರದಲ್ಲಿ ಇವೆರಡೂ ಎದುರುಬದುರಾಗಿ ಎಳೆಯುತ್ತವೆ, ಅಂದರೆ ಸ್ಪೇಸರ್ ಆ ಗಳಿಗೆಯಲ್ಲಿ ಬೇರಿಂಗಿಗೆ ಒಂದಿಷ್ಟು ವಿರಾಮವನ್ನೇ ಕೊಡುತ್ತದೆ. ನೇರ ದಾರಿಯ ಲೆಕ್ಕ ಬೇರೆ. ಗುಂಡುಗಳ ಬೇರಿಂಗಿನ ಆಯುಸ್ಸು ಹೊರೆಯ ಘನಕ್ಕೆ ವಿಲೋಮವಾಗಿರುವುದರಿಂದ, ಹತ್ತು ಶೇಕಡ ಹೊರೆ ಹೆಚ್ಚಿದರೆ ಆಯುಸ್ಸು ಕಾಲುಭಾಗ ತಗ್ಗುತ್ತದೆ. ಬೇರಿಂಗು ನಾಳೆಯೇ ಒಡೆಯುವುದಿಲ್ಲ. ನಾಲ್ಕು ವರ್ಷ ಬಾಳಬೇಕಾದದ್ದು ಮೂರು ವರ್ಷಕ್ಕೆ ಗುಂಯ್‌ಗುಡತೊಡಗುತ್ತದೆ, ಮತ್ತು ಅದು ಸದ್ದು ಮಾಡಿ ಎಚ್ಚರಿಸಿಯೇ ಹೋಗುತ್ತದೆ. ಬಣ್ಣದ ಪದರದ ಮೇಲೆ ಬಿಗಿದ ಬೋಲ್ಟು ಆ ಸೌಜನ್ಯವನ್ನು ತೋರುವುದಿಲ್ಲ.